ಟೆಕ್ಸಸ್‌ನ ಮಿಷನ್‌ಗಳು, ಕೋಟೆಗಳು, ರಣಭೂಮಿಗಳು: ಎರಡೇ ದಿನ ರಜೆಯಿದ್ದರೆ ಯಾವುದನ್ನು ಆರಿಸಿಕೊಳ್ಳಬೇಕು?

ಊರಿನಿಂದ ತಂದೆ ತಾಯಿ ಬಂದಾಗ ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್‌ಗಳ ಕನ್ನಡಿಗರ ಮನೆಗಳಲ್ಲಿ ವಾರಾಂತ್ಯದ ಪಟ್ಟಿಯೊಂದು ತಾನಾಗಿಯೇ ತಯಾರಾಗುತ್ತದೆ. ನಾಸಾ, ದೇವಸ್ಥಾನ, ಸಮುದ್ರತೀರ, ಆಮೇಲೆ ಸ್ಯಾನ್ ಆಂಟೋನಿಯೋ. ಅಲ್ಲಿ ಅಲಮೊ ಮುಂದೆ ಒಂದು ಫೋಟೊ, ನದಿ ದಂಡೆಯಲ್ಲಿ ಒಂದು ದೋಣಿ ಸವಾರಿ, ಸಂಜೆಗೆ ಮನೆ. "ಇಷ್ಟೇನಾ? ಇಷ್ಟು ಸಣ್ಣದಾ?" ಎಂಬ ಮಾತು ಹಿಂದಿನ ಸೀಟಿನಿಂದ ಬರುವುದೂ ಸಾಮಾನ್ಯ. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಹೆಸರಿನ ಜೋರಿಗೆ ಮಾರುಹೋಗಿ ಆರಿಸಿಕೊಂಡರೆ ಹೀಗೇ ಆಗುತ್ತದೆ.

ದಕ್ಷಿಣ ಮತ್ತು ಪೂರ್ವ ಟೆಕ್ಸಸ್‌ನಲ್ಲಿ ಮೂರು ಬೇರೆ ಬೇರೆ ಕಥೆಗಳು ಒಂದರ ಮೇಲೊಂದು ಕೂತಿವೆ. ಮೊದಲನೆಯದು, 18ನೇ ಶತಮಾನದಲ್ಲಿ ಸ್ಪೇನ್ ಇಲ್ಲಿ ಮಿಷನ್‌ಗಳನ್ನು ಕಟ್ಟಿ ಸ್ಥಳೀಯ ಬುಡಕಟ್ಟುಗಳನ್ನು ಕ್ರೈಸ್ತರನ್ನಾಗಿಯೂ ರಾಜನ ಪ್ರಜೆಗಳನ್ನಾಗಿಯೂ ಮಾಡಲು ಹೊರಟ ಕಥೆ. ಎರಡನೆಯದು ಸ್ವಾತಂತ್ರ್ಯದ ಹೋರಾಟ. ಅದು ಎರಡು ಸಲ ನಡೆಯಿತು: 1821ಕ್ಕೆ ಮುಗಿದದ್ದು ಸ್ಪೇನಿನ ವಿರುದ್ಧ, 1835–36ರದ್ದು ಮೆಕ್ಸಿಕೋ ವಿರುದ್ಧ. ಮೂರನೆಯದು, ಅಮೆರಿಕದಿಂದ ಜಮೀನಿನ ಆಸೆಗೆ ಗಡಿ ದಾಟಿ ಬಂದವರು ನೆಲೆ ನಿಂತ ಕಥೆ. ಬಹುತೇಕ ಸ್ಥಳಗಳು ಇವುಗಳಲ್ಲಿ ಒಂದನ್ನು ಮಾತ್ರ ಚೆನ್ನಾಗಿ ಹೇಳುತ್ತವೆ. ನಿಮಗೆ ಯಾವ ಕಥೆ ಬೇಕು ಎಂದು ಮೊದಲು ಗೊತ್ತುಮಾಡಿಕೊಂಡರೆ ಪೆಟ್ರೋಲು, ಸಮಯ, ಹಿರಿಯರ ಮಂಡಿನೋವು ಮೂರೂ ಉಳಿಯುತ್ತವೆ.

ಅಲಮೊ

ಅಲಮೊ ಹುಟ್ಟಿದ್ದು ಕೋಟೆಯಾಗಿ ಅಲ್ಲ. 1718ರಲ್ಲಿ ಸ್ಥಾಪನೆಯಾದ ಸ್ಯಾನ್ ಆಂಟೋನಿಯೋ ದೆ ವಲೇರೊ ಎಂಬ ಫ್ರಾನ್ಸಿಸ್ಕನ್ ಮಿಷನ್ ಅದು. ಈಗಿರುವ ಜಾಗಕ್ಕೆ ಬಂದದ್ದು 1724ರಲ್ಲಿ. 1793ರಲ್ಲಿ ಮಿಷನ್ ಮುಚ್ಚಿ ಅದರ ಜಮೀನನ್ನು ಹಂಚಲಾಯಿತು. ಮುಂದೆ ಸ್ಪೇನಿನ ಕುದುರೆ ಪಡೆಯೊಂದು ಅಲ್ಲಿ ಬೀಡುಬಿಟ್ಟಿತು. 1836ರ ಫೆಬ್ರುವರಿ 23ರಿಂದ ಮಾರ್ಚ್ 6ರವರೆಗೆ ಮೆಕ್ಸಿಕೋದ ಅಧ್ಯಕ್ಷನೂ ಸೇನಾಪತಿಯೂ ಆಗಿದ್ದ ಸಾಂತಾ ಆನಾ ಹಾಕಿದ ಹದಿಮೂರು ದಿನಗಳ ಮುತ್ತಿಗೆಯಲ್ಲಿ ವಿಲಿಯಂ ಟ್ರಾವಿಸ್, ಜೇಮ್ಸ್ ಬೋವಿ, ಡೇವಿಡ್ ಕ್ರಾಕೆಟ್ ಸೇರಿದಂತೆ ಒಳಗಿದ್ದ ಟೆಕ್ಸಸ್ ಹೋರಾಟಗಾರರು ಹೆಚ್ಚುಕಡಿಮೆ ಎಲ್ಲರೂ ಸತ್ತರು. ಬದುಕುಳಿದವರಲ್ಲಿ ಹೆಂಗಸರು, ಮಕ್ಕಳು ಮತ್ತು ಟ್ರಾವಿಸ್‌ನ ಗುಲಾಮನಾಗಿದ್ದ ಜೋ ಇದ್ದರು.

ಇಂದು ಕಣ್ಣಿಗೆ ಬೀಳುವುದು ಚರ್ಚಿನ ಕಟ್ಟಡ ಮತ್ತು ಉದ್ದನೆಯ ಒಂದು ಬ್ಯಾರಕ್. ಮುತ್ತಿಗೆ ನಡೆದ ಅಂಗಳದ ಬಹುಭಾಗ ನಗರದ ಬೀದಿಗಳ ಕೆಳಗೆ ಹೋಗಿದೆ. ಎಲ್ಲ ಚಿತ್ರಗಳಲ್ಲೂ ಗುರುತಾಗಿ ನಿಲ್ಲುವ ಮುಂಭಾಗದ ಆ ಬಾಗಿದ ನೆತ್ತಿ 1850ರಲ್ಲಿ ಅಮೆರಿಕದ ಸೇನೆ ಸೇರಿಸಿದ್ದು; ಟ್ರಾವಿಸ್ ಅದನ್ನು ನೋಡಲೇ ಇಲ್ಲ. ಹಾಗೆಂದು ಅಲಮೊ ಬೇಡವೆನ್ನುತ್ತಿಲ್ಲ. ಪಕ್ಕದಲ್ಲೇ ಹೊಸ ಸಂಗ್ರಹಾಲಯವಿದೆ. ಇಂಗ್ಲೆಂಡಿನ ಗಾಯಕ ಫಿಲ್ ಕಾಲಿನ್ಸ್ ಚಿಕ್ಕಂದಿನಿಂದ ಅಲಮೊ ಹುಚ್ಚು ಹಿಡಿಸಿಕೊಂಡು ಕೂಡಿಟ್ಟ ವಸ್ತುಗಳನ್ನೆಲ್ಲ 2014ರಲ್ಲಿ ದಾನ ಕೊಟ್ಟದ್ದರಿಂದ ಅದು ತುಂಬಿದೆ. ಯುದ್ಧದ ಕಥೆಯಲ್ಲಿ ಮುಳುಗುವ ವಯಸ್ಸಿನ ಮಕ್ಕಳಿದ್ದರೆ ಅವರಿಗೆ ಬಂದೂಕು, ಚಾಕು, ಪತ್ರಗಳನ್ನು ತೋರಿಸಿ. ಚರ್ಚಿನೊಳಗೆ ಹೋಗಲು ಹಣ ಕೊಡಬೇಕಿಲ್ಲ, ಆದರೆ ಸಮಯವನ್ನು ಮುಂಚೆಯೇ ಕಾದಿರಿಸಬೇಕು. ಒಂದೂವರೆ ಗಂಟೆ ಧಾರಾಳವಾಯಿತು. ಇಡೀ ದಿನವನ್ನು ಇದಕ್ಕೇ ಕೊಡುವುದು ದಂಡ.

ಹೊರಡುವ ಮುನ್ನ ನಾಲ್ಕು ಬೀದಿ ಆಚೆಗಿರುವ ಸ್ಯಾನ್ ಫರ್ನಾಂಡೊ ಚರ್ಚಿಗೆ ನಡೆಯಿರಿ. 1731ರಲ್ಲಿ ಕೆನರಿ ದ್ವೀಪಗಳಿಂದ ಬಂದ ಕುಟುಂಬಗಳು ಕಟ್ಟಿಕೊಂಡ ಊರಿನ ಚರ್ಚು ಅದು. ಮಿಷನ್‌ಗಳು ಬುಡಕಟ್ಟು ಜನರಿಗಾಗಿ, ಈ ಊರು ಸ್ಪೇನಿನ ನಾಗರಿಕರಿಗಾಗಿ; ಸೈನಿಕರ ಠಾಣೆ ಮೂರನೆಯದು. ಮೂರೂ ಪಕ್ಕಪಕ್ಕದಲ್ಲಿದ್ದು ನೀರಿಗೂ ಜಮೀನಿಗೂ ಜಗಳವಾಡಿಕೊಂಡೇ ಬಾಳಿದವು. 1836ರಲ್ಲಿ "ಯಾರನ್ನೂ ಉಳಿಸುವುದಿಲ್ಲ" ಎಂಬ ಸೂಚನೆಯ ಕೆಂಪು ಬಾವುಟವನ್ನು ಸಾಂತಾ ಆನಾ ಹಾರಿಸಿದ್ದು ಈ ಚರ್ಚಿನ ಗೋಪುರದ ಮೇಲೆ.

ನದಿಯ ಜೊತೆಗೆ ದಕ್ಷಿಣಕ್ಕೆ ಸಾಗಿದರೆ

ಅಲಮೊದಿಂದ ನದಿಯ ಹರಿವಿನ ದಿಕ್ಕಿನಲ್ಲೇ ಹೋದರೆ ಇನ್ನೂ ನಾಲ್ಕು ಮಿಷನ್‌ಗಳು ಒಂದರ ನಂತರ ಒಂದು ಸಿಗುತ್ತವೆ: ಕನ್ಸೆಪ್ಸಿಯೋನ್, ಸ್ಯಾನ್ ಹೋಸೆ, ಸ್ಯಾನ್ ಹುವಾನ್, ಎಸ್ಪಾಡಾ. 2015ರಲ್ಲಿ ಅಲಮೊ ಸೇರಿ ಐದೂ ಮಿಷನ್‌ಗಳು, ಜೊತೆಗೆ ಮಿಷನ್‌ನ ದನ ಸಾಕಣೆಯ ತಾಣವೊಂದು, ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೂ ಅಲಮೊಗೆ ಬರುವ ಜನಸಾಗರ ಇತ್ತ ತಿರುಗುವುದಿಲ್ಲ. ನನ್ನ ಮಟ್ಟಿಗೆ ಸ್ಯಾನ್ ಆಂಟೋನಿಯೋಗೆ ಹೋಗುವುದೇ ಈ ನಾಲ್ಕಕ್ಕಾಗಿ.

ಇಲ್ಲಿಗೆ ಬಂದು ಸೇರಿದವರು ಕೊವಾವಿಲ್ಟೆಕನ್ ಎಂದು ಒಟ್ಟಾಗಿ ಕರೆಯಲಾಗುವ ಅನೇಕ ಸಣ್ಣ ಬುಡಕಟ್ಟುಗಳವರು. ಬೇಟೆಯಾಡಿ, ಗೆಡ್ಡೆ ಕಾಯಿ ಆಯ್ದು ಬದುಕುತ್ತಿದ್ದ ಅವರನ್ನು ಉತ್ತರದಿಂದ ಅಪಾಚೆಗಳ ದಾಳಿ, ಎಲ್ಲ ಕಡೆಯಿಂದ ಯೂರೋಪಿನ ರೋಗಗಳು ಹಣ್ಣುಮಾಡಿದ್ದವು. ಗೋಡೆಯೊಳಗೆ ಅನ್ನ ಮತ್ತು ರಕ್ಷಣೆ ಸಿಗುತ್ತಿತ್ತು. ಬದಲಿಗೆ ಘಂಟೆ ಬಾರಿಸಿದಾಗ ಏಳುವ, ಪ್ರಾರ್ಥಿಸುವ, ಉಳುವ, ನೇಯುವ ಬದುಕು. ಕೆಲವರು ಉಳಿದರು, ಕೆಲವರು ಓಡಿಹೋದರು, ಅವರನ್ನು ಹಿಡಿದು ತರಲು ಸೈನಿಕರು ಹೋದರು. ಸಿಡುಬು, ದಡಾರ ಗೋಡೆಯೊಳಗೂ ಬಂದವು. ಫಲಕಗಳಲ್ಲಿ ಇದೆಲ್ಲ ಸ್ವಲ್ಪ ಮೃದುವಾಗಿ ಬರೆದಿರುತ್ತದೆ. ಓದುವಾಗ ಅದು ನೆನಪಿರಲಿ. ಆ ಜನರ ವಂಶದವರು ಇಂದಿಗೂ ಈ ನಗರದಲ್ಲಿದ್ದಾರೆ, ನಾಲ್ಕೂ ಚರ್ಚುಗಳಲ್ಲಿ ಪೂಜೆ ನಡೆಯುತ್ತಲೇ ಇದೆ.

ನಾಲ್ಕರಲ್ಲಿ ಒಂದನ್ನೇ ನೋಡಬಲ್ಲಿರಾದರೆ ಸ್ಯಾನ್ ಹೋಸೆ. 1720ರಲ್ಲಿ ಆಂಟೋನಿಯೋ ಮಾರ್ಗಿಲ್ ಎಂಬ ಪಾದ್ರಿ ಸ್ಥಾಪಿಸಿದ್ದು. ಮಿಷನ್ ಎಂದರೆ ಬರಿಯ ಚರ್ಚಲ್ಲ, ಕೋಟೆ ಗೋಡೆಯೊಳಗಿನ ಒಂದು ಹಳ್ಳಿ ಎಂಬುದು ಅರ್ಥವಾಗುವುದು ಇಲ್ಲಿ ಮಾತ್ರ: ಸುತ್ತ ಗೋಡೆ, ಗೋಡೆಗೆ ಅಂಟಿದ ಬುಡಕಟ್ಟು ಕುಟುಂಬಗಳ ಕೋಣೆಗಳು, ಕಣಜ, ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ, ನಡುವೆ ವಿಶಾಲ ಅಂಗಳ. ಚರ್ಚಿನ ಪಕ್ಕದ ಗೋಡೆಯಲ್ಲಿರುವ ಕಲ್ಲಿನ ಗುಲಾಬಿ ಕಿಟಕಿಯ ಕೆತ್ತನೆಯ ಮುಂದೆ ಬೇಲೂರು ನೋಡಿ ಬೆಳೆದವರೂ ಎರಡು ನಿಮಿಷ ನಿಲ್ಲುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಈ ಚರ್ಚಿನ ಗುಮ್ಮಟ 1874ರಲ್ಲಿ ಕುಸಿದಿತ್ತು. ನೀವು ನೋಡುವುದರಲ್ಲಿ ಬಹಳಷ್ಟು 1930ರ ದಶಕದ ಪುನರ್ನಿರ್ಮಾಣ.

ಅಸಲಿ ಕಟ್ಟಡವೇ ಬೇಕೆನ್ನುವ ಹಟದವರು ಕನ್ಸೆಪ್ಸಿಯೋನ್‌ಗೆ ಹೋಗಬೇಕು. 1755ರಲ್ಲಿ ಪೂರ್ಣವಾದ ಆ ಕಲ್ಲಿನ ಚರ್ಚು ಕುಸಿಯಲೂ ಇಲ್ಲ, ಅದನ್ನು ಮರಳಿ ಕಟ್ಟಲೂ ಇಲ್ಲ. ಒಳಕೋಣೆಗಳ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ತುಣುಕುಗಳು ಉಳಿದಿವೆ. ಒಂದು ಕಾಲಕ್ಕೆ ಹೊರಗೋಡೆಯೂ ಬಣ್ಣದ ವಿನ್ಯಾಸಗಳಿಂದ ತುಂಬಿತ್ತು ಎಂದು ತಿಳಿದಾಗ ಬೂದು ಕಲ್ಲಿನ ಗಾಂಭೀರ್ಯದ ಬಗ್ಗೆ ನಾವು ಹೆಣೆದುಕೊಂಡ ಕಲ್ಪನೆ ಸಡಿಲವಾಗುತ್ತದೆ. 1835ರ ಅಕ್ಟೋಬರ್ 28ರಂದು ಬೋವಿ ಮತ್ತು ಟೆಕ್ಸಸ್‌ನ ಇನ್ನೊಬ್ಬ ದಳಪತಿ ಫ್ಯಾನಿನ್ ಮೆಕ್ಸಿಕೋ ಪಡೆಯನ್ನು ಹಿಮ್ಮೆಟ್ಟಿಸಿದ್ದೂ ಇದರ ಸಮೀಪದಲ್ಲೇ. ನಗರಕ್ಕೆ ತೀರ ಹತ್ತಿರ, ಅರ್ಧ ಗಂಟೆಯ ಕೆಲಸ.

ನನಗೆ ಹೆಚ್ಚು ಇಷ್ಟವಾಗುವುದು ಕೊನೆಯ ಎಸ್ಪಾಡಾ. ಚರ್ಚು ಚಿಕ್ಕದು, ಬಾಗಿಲಿನ ಕಮಾನು ವಿಚಿತ್ರವಾಗಿದೆ, ಜನ ಕಡಿಮೆ. ಆದರೆ ನೋಡಬೇಕಾದದ್ದು ಅದರ ನೀರು. 1740ರ ದಶಕದಲ್ಲಿ ಮಿಷನ್ ಜನ ನದಿಗೆ ಒಡ್ಡು ಹಾಕಿ, ಕಾಲುವೆ ತೋಡಿ, ಅಡ್ಡ ಬಂದ ಹಳ್ಳವೊಂದರ ಮೇಲೆ ಕಲ್ಲಿನ ಕಮಾನುಗಳ ಮೇಲ್ಗಾಲುವೆ ಕಟ್ಟಿ ಹೊಲಕ್ಕೆ ನೀರು ಹಾಯಿಸಿದರು. ಆ ಕಾಲುವೆ ಇಂದಿಗೂ ಹರಿಯುತ್ತಿದೆ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬ ಸರದಿ, ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆಯುವ ಕಟ್ಟಳೆ: ಕೆರೆ, ತೂಬು, ನೀರುಗಂಟಿಗಳನ್ನು ಬಲ್ಲ ಬಯಲುಸೀಮೆಯ ಅಜ್ಜನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಅವರೇ ನಿಮಗೆ ವಿವರಿಸುತ್ತಾರೆ. ಪಕ್ಕದ ಸ್ಯಾನ್ ಹುವಾನ್‌ನಲ್ಲಿ ಇಂಥದೇ ಕಾಲುವೆಯ ನೀರಿನಲ್ಲಿ ಬೆಳೆ ತೆಗೆದು ತೋರಿಸುವ ಹೊಲವಿದೆ. ಅಷ್ಟು ಬಿಟ್ಟರೆ ಸ್ಯಾನ್ ಹುವಾನ್‌ಗೆ ಹೆಚ್ಚು ಹೊತ್ತು ಬೇಡ.

ಈ ನಾಲ್ಕೂ ರಾಷ್ಟ್ರೀಯ ಉದ್ಯಾನ ಇಲಾಖೆಯ ಉಸ್ತುವಾರಿಯಲ್ಲಿವೆ, ಪ್ರವೇಶ ಶುಲ್ಕವಿಲ್ಲ. ಮಾಹಿತಿ ಕೇಂದ್ರ ಇರುವುದು ಸ್ಯಾನ್ ಹೋಸೆಯಲ್ಲಿ. ನದಿಯ ಪಕ್ಕದಲ್ಲೇ ಸೈಕಲ್ ದಾರಿ ಹೋಗುತ್ತದೆ. ಯುವಕರಿಗೆ ಅದು ಸೊಗಸು. ಬೇಸಿಗೆಯ 38 ಡಿಗ್ರಿ ಬಿಸಿಲಿನಲ್ಲಿ ಯಾರಿಗೂ ಸೊಗಸಲ್ಲ. ಹಿರಿಯರಿಗೆ ಇಲ್ಲಿನ ದೊಡ್ಡ ಅನುಕೂಲವೆಂದರೆ ಪ್ರತಿ ಮಿಷನ್‌ನ ಬಾಗಿಲ ಹತ್ತಿರವೇ ಕಾರು ನಿಲ್ಲಿಸಬಹುದು.

ಗೋಲಿಯಾಡ್: ಮೂರೂ ಕಥೆ ಒಂದೇ ಕಡೆ

ಸ್ಯಾನ್ ಆಂಟೋನಿಯೋದಿಂದ ಆಗ್ನೇಯಕ್ಕೆ ಒಂದೂವರೆ ಗಂಟೆಯ ದಾರಿ, ಹ್ಯೂಸ್ಟನ್‌ನಿಂದ ಸುಮಾರು ಎರಡೂವರೆ ಗಂಟೆ. ಇಷ್ಟು ಚಿಕ್ಕ ಊರಿಗೆ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ: ಅಲಮೊದಲ್ಲಿ ನೀವು ಊಹಿಸಿಕೊಳ್ಳಬೇಕಾದದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಲಾ ಬಹೀಯಾ ಕೋಟೆಯ ಕಲ್ಲಿನ ಗೋಡೆ ನಾಲ್ಕೂ ಕಡೆ ನಿಂತಿದೆ. 1960ರ ದಶಕದಲ್ಲಿ ಜೀರ್ಣೋದ್ಧಾರವಾದದ್ದು ನಿಜ, ಆದರೆ ಒಳಗಿನ ಲೊರೆಟೊ ಪ್ರಾರ್ಥನಾ ಮಂದಿರ ಹಳೆಯದೇ. ಸುತ್ತ ಅಂಗಡಿಗಳಿಲ್ಲ, ಎತ್ತರದ ಕಟ್ಟಡಗಳಿಲ್ಲ. ಗೋಡೆಯ ಆಚೆ ಹುಲ್ಲುಗಾವಲು ಇದೆ, ಅಷ್ಟೇ.

ಈ ಕೋಟೆಯೂ ಅದರ ಜೊತೆಯ ಎಸ್ಪಿರಿತು ಸಾಂತೊ ಮಿಷನ್ನೂ ಮೊದಲು ಎದ್ದದ್ದು ಕಡಲ ಕರೆಯಲ್ಲಿ, ಫ್ರೆಂಚ್ ಅನ್ವೇಷಕ ಲಾ ಸಾಲ್‌ನ ಪಾಳುಬಿದ್ದ ನೆಲೆಯ ಬಳಿ, 1720ರ ದಶಕದ ಆರಂಭದಲ್ಲಿ. ಫ್ರೆಂಚರು ಮತ್ತೆ ಬಂದಾರೆಂಬ ಭಯವೇ ಅದಕ್ಕೆ ಕಾರಣ. ಜಾಗ ಒಗ್ಗದೆ ಒಮ್ಮೆ ಒಳನಾಡಿಗೆ ಸರಿದು, 1749ರಲ್ಲಿ ಮತ್ತೆ ಎದ್ದು ಸ್ಯಾನ್ ಆಂಟೋನಿಯೋ ನದಿಯ ದಡದ ಈ ದಿಬ್ಬಕ್ಕೆ ಬಂದವು. ಬೇಸಾಯ ಕೈಹಿಡಿಯದಿದ್ದರೂ ದನ ಸಾಕಣೆ ಕೈಹಿಡಿಯಿತು. ಮಿಷನ್‌ನ ಬುಡಕಟ್ಟು ಯುವಕರು ಕುದುರೆ ಮೇಲೆ ಕೂತು ಸಾವಿರಾರು ದನಗಳನ್ನು ಮೇಯಿಸಿದರು. ಅಮೆರಿಕದ ಕ್ರಾಂತಿಯ ವರ್ಷಗಳಲ್ಲಿ ಲೂಯಿಸಿಯಾನಾದ ಸ್ಪ್ಯಾನಿಷ್ ಗವರ್ನರ್ ಗಾಲ್ವೆಸ್‌ನ ಸೈನ್ಯ ಬ್ರಿಟಿಷರ ಮೇಲೆ ಯುದ್ಧಕ್ಕೆ ಹೋದಾಗ ಅದರ ಹೊಟ್ಟೆ ತುಂಬಿಸಲು ಈ ನದಿ ಕಣಿವೆಯ ದನಗಳೇ ನಡೆದುಹೋದವು. ಕೌಬಾಯ್ ಎಂದೊಡನೆ ನೆನಪಾಗುವ ಬಿಳಿಯ ಸವಾರನಿಗಿಂತ ಎಷ್ಟೋ ಮುಂಚೆ ಆ ಕೆಲಸ ಕಲಿತವರು ಇಲ್ಲಿದ್ದರು. ನದಿಯಾಚೆಗಿನ ಮಿಷನ್ ಕಟ್ಟಡ 1930ರ ದಶಕದಲ್ಲಿ ಮರಳಿ ಕಟ್ಟಿದ್ದು. ಈಗ ರಾಜ್ಯ ಉದ್ಯಾನದೊಳಗಿದೆ, ಮಕ್ಕಳಿಗೆ ಓಡಾಡಲು ಬೇಕಾದಷ್ಟು ಜಾಗ.

ಇನ್ನು ಹೋರಾಟಗಳು. 1812ರಲ್ಲಿ ಸ್ಪೇನಿನ ವಿರುದ್ಧ ಎದ್ದ, ಗುಟಿಯೆರೆಸ್ ಮತ್ತು ಮಗೀ ಎಂಬಿಬ್ಬರು ನಾಯಕರ ಪಡೆ ಈ ಕೋಟೆಯನ್ನು ಹಿಡಿದು, ಚಳಿಗಾಲವಿಡೀ ಮುತ್ತಿಗೆ ತಡೆದುಕೊಂಡಿತು. ಆ ಪಡೆ 1813ರ ಏಪ್ರಿಲ್‌ನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಸ್ವಾತಂತ್ರ್ಯ ಸಾರಿ, ಆಗಸ್ಟ್ 18ರಂದು ಮೆದೀನಾ ಕದನದಲ್ಲಿ ನುಚ್ಚುನೂರಾಯಿತು. ಸುಮಾರು 1,400 ಜನರಲ್ಲಿ ಬದುಕಿದ್ದು ನೂರಕ್ಕೂ ಕಡಿಮೆ. ಟೆಕ್ಸಸ್ ನೆಲದ ಅತ್ಯಂತ ರಕ್ತಸಿಕ್ತ ಕದನ ಅದು, ಅಲಮೊ ಅಲ್ಲ. ಗೆದ್ದ ರಾಜಪಕ್ಷದ ಸೇನೆಯಲ್ಲಿ ಸಾಂತಾ ಆನಾ ಎಂಬ ಎಳೆಯ ಅಧಿಕಾರಿಯಿದ್ದ; ಬಂಡುಕೋರರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪಾಠ ಅವನಿಗೆ ಸಿಕ್ಕಿದ್ದು ಅಲ್ಲಿ. 1829ರಲ್ಲಿ ಊರಿಗೆ ಗೋಲಿಯಾಡ್ ಎಂಬ ಹೆಸರಿಟ್ಟದ್ದು ಮೆಕ್ಸಿಕೋ ಸ್ವಾತಂತ್ರ್ಯದ ಕಹಳೆ ಊದಿದ ಪಾದ್ರಿ ಇಡಾಲ್ಗೊನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ. ಅದೇ ವರ್ಷ ಕೋಟೆಯ ಬುಡದ ಮನೆಯೊಂದರಲ್ಲಿ ಹುಟ್ಟಿದ ಇಗ್ನಾಸಿಯೊ ಸರಗೋಸಾ 1862ರ ಮೇ 5ರಂದು ಪ್ಯೂಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ. ಸಿಂಕೊ ದೆ ಮಾಯೊ ಎಂದು ಅಮೆರಿಕವೆಲ್ಲ ಆಚರಿಸುವ ದಿನದ ನಾಯಕ ಟೆಕ್ಸಸ್ ಮಣ್ಣಿನ ಮಗ.

1836ರ ಮಾರ್ಚ್‌ನಲ್ಲಿ ಫ್ಯಾನಿನ್‌ನ ಪಡೆ ಕೊಲೆಟೊ ಬಳಿ ಶರಣಾಗಿ ಇದೇ ಕೋಟೆಯಲ್ಲಿ ಸೆರೆಯಾಯಿತು. ಅವರನ್ನು ಸೆರೆಹಿಡಿದ ಮೆಕ್ಸಿಕೋ ಜನರಲ್ ಉರ್ರೇಯಾ ಅವರಿಗಾಗಿ ಪ್ರಾಣಭಿಕ್ಷೆ ಕೇಳಿದರೂ ಸಾಂತಾ ಆನಾ ಒಪ್ಪಲಿಲ್ಲ. ಮಾರ್ಚ್ 27ರ ಭಾನುವಾರ ಬೆಳಿಗ್ಗೆ ಸೆರೆಯಾಳುಗಳನ್ನು ಹೊರಗೆ ನಡೆಸಿಕೊಂಡು ಹೋಗಿ ಗುಂಡಿಕ್ಕಲಾಯಿತು. ಗಾಯಾಳುಗಳನ್ನು ಅಂಗಳದಲ್ಲೇ ಕೊಂದರು. ಸತ್ತವರು ಸುಮಾರು 340, ಎಂದರೆ ಅಲಮೊಗಿಂತ ಹೆಚ್ಚು. ಫ್ರಾನ್ಸಿಟಾ ಅಲಾವೆಸ್ ಎಂಬ ಮೆಕ್ಸಿಕನ್ ಹೆಂಗಸು ಕೆಲವರ ಜೀವ ಉಳಿಸಿದಳು. ಅವಳ ಪ್ರತಿಮೆ ಕೋಟೆಯ ಬಳಿ ಇದೆ. ಚಿಕ್ಕ ಮಕ್ಕಳಿಗೆ ಈ ಭಾಗ ಭಾರವಾಗಬಹುದು, ಅದನ್ನು ನೋಡಿಕೊಂಡು ಹೇಳಿ.

ಗೋಲಿಯಾಡ್‌ನ ಕೊರತೆ ಊಟದ್ದು. ಸಸ್ಯಾಹಾರಿಗಳಿಗೆ ಆಯ್ಕೆ ಬಹಳ ಕಡಿಮೆ. ಹುರಿದ ಬೀನ್ಸ್ ಎಂದು ಧೈರ್ಯವಾಗಿ ಕೇಳುವವರು ಅದರಲ್ಲಿ ಹಂದಿ ಕೊಬ್ಬು ಹಾಕಿದ್ದಾರೆಯೇ ಎಂದೂ ಕೇಳಿಕೊಳ್ಳಬೇಕು. ಇದು ಸ್ಯಾನ್ ಆಂಟೋನಿಯೋಗೂ ಅನ್ವಯಿಸುತ್ತದೆ. ಮೊಸರನ್ನ, ಪುಳಿಯೋಗರೆ ಕಟ್ಟಿಕೊಂಡು ಹೋಗಿ ಉದ್ಯಾನದ ಮೇಜಿನಲ್ಲಿ ಕೂತು ಉಣ್ಣುವುದು ಮೇಲು.

ವಲಸೆಗಾರರ ಕಥೆಗೆ: ಸ್ಯಾನ್ ಫೆಲಿಪೆಯೋ, ಬ್ರಾಜೋಸ್ ದಂಡೆಯ ವಾಷಿಂಗ್ಟನ್ನೋ?

ಹ್ಯೂಸ್ಟನ್‌ನಲ್ಲಿರುವವರಿಗೆ ಅರ್ಧ ದಿನ ಮಾತ್ರ ಇದ್ದರೆ ಆಯ್ಕೆ ಇವೆರಡರ ನಡುವೆ. ನಾನು ಸ್ಯಾನ್ ಫೆಲಿಪೆ ಎನ್ನುತ್ತೇನೆ, ಹಲವರು ಒಪ್ಪಲಿಕ್ಕಿಲ್ಲ.

ಅಮೆರಿಕದ ಕುಟುಂಬಗಳನ್ನು ಇಲ್ಲಿಗೆ ಕರೆತಂದ ಸ್ಟೀಫನ್ ಆಸ್ಟಿನ್ 1820ರ ದಶಕದಲ್ಲಿ ತನ್ನ ವಸಾಹತಿಗೆ ಕಟ್ಟಿದ ಕೇಂದ್ರ ಊರು ಅದು. 1819ರ ಆರ್ಥಿಕ ಕುಸಿತದ ಬಳಿಕ ಅಮೆರಿಕದಲ್ಲಿ ಸರ್ಕಾರಿ ಜಮೀನಿಗೆ ಎಕರೆಗೆ 1.25 ಡಾಲರ್ ನಗದು ಎಣಿಸಬೇಕಿತ್ತು. ಗಡಿಯಾಚೆ ಮೆಕ್ಸಿಕೋ ಮಾತ್ರ ದನ ಸಾಕುವ ಕುಟುಂಬಕ್ಕೆ 4,428 ಎಕರೆಯನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿ ಕೊಡುತ್ತಿತ್ತು. ಜನ ಬಾರದೆ ಇರುತ್ತಾರೆಯೇ? ಮೆಕ್ಸಿಕೋಗೂ ಲೆಕ್ಕವಿತ್ತು: ಮೆದೀನಾ ಕದನದ ಮತ್ತು ಅದರ ಬೆನ್ನಲ್ಲೇ ಬಂದ ಶಿಕ್ಷೆಗಳ ಬಳಿಕ ಟೆಕ್ಸಸ್ ಖಾಲಿಯಾಗಿತ್ತು, ಕೊಮಾಂಚೆಗಳ ದಾಳಿಗೆ ಅಡ್ಡ ನಿಲ್ಲಲು ಜನ ಬೇಕಿತ್ತು. ಬಂದವರು ಬರಿಗೈಯಲ್ಲಿ ಬರಲಿಲ್ಲ. 1825ರ ಗಣತಿಯ ಪ್ರಕಾರ ಆಸ್ಟಿನ್ ವಸಾಹತಿನ ಸುಮಾರು 1,800 ಜನರಲ್ಲಿ 443 ಮಂದಿ ಗುಲಾಮರು. ಮೆಕ್ಸಿಕೋ 1829ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು, ಟೆಕ್ಸಸ್‌ಗೆ ವಿನಾಯಿತಿ ಸಿಕ್ಕಿತು. 1830ರಲ್ಲಿ ಅಮೆರಿಕದಿಂದ ವಲಸೆಯನ್ನೇ ನಿಲ್ಲಿಸುವ ಕಾನೂನು ಬಂತು. 1836ರ ಸ್ವಾತಂತ್ರ್ಯದ ಹಿಂದೆ ಸಾಂತಾ ಆನಾನ ಸರ್ವಾಧಿಕಾರವೂ ಇತ್ತು, ಈ ಜಮೀನು ಮತ್ತು ಗುಲಾಮರ ಲೆಕ್ಕವೂ ಇತ್ತು. ಸ್ಯಾನ್ ಫೆಲಿಪೆಯ ವಸ್ತುಸಂಗ್ರಹಾಲಯ 2018ರಲ್ಲಿ ತೆರೆದದ್ದು, ಚಿಕ್ಕದು, ಚೊಕ್ಕ. ಹಳೆಯ ಮನೆಗಳು ಮಾತ್ರ ಒಂದೂ ಉಳಿದಿಲ್ಲ. ಸಾಂತಾ ಆನಾನ ಸೇನೆ ಬರುತ್ತಿದೆ ಎಂದು 1836ರ ಮಾರ್ಚ್ ಕೊನೆಯಲ್ಲಿ ಊರಿಗೇ ಬೆಂಕಿಯಿಟ್ಟು ಓಡಿದರು.

ಬ್ರಾಜೋಸ್ ನದಿಯ ಮೇಲ್ದಂಡೆಯ ವಾಷಿಂಗ್ಟನ್‌ನಲ್ಲಿ 1836ರ ಮಾರ್ಚ್ 2ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಅಲಮೊ ಇನ್ನೂ ಮುತ್ತಿಗೆಯಲ್ಲಿತ್ತು. ಸಹಿ ಹಾಕಿದ 59 ಮಂದಿಯಲ್ಲಿ ಟೆಕ್ಸಸ್‌ನಲ್ಲೇ ಹುಟ್ಟಿದವರು ಇಬ್ಬರೇ: ಹೋಸೆ ಆಂಟೋನಿಯೋ ನವಾರೊ ಮತ್ತು ಹೋಸೆ ಫ್ರಾನ್ಸಿಸ್ಕೊ ರೂಯಿಸ್. ಸಭಾಂಗಣ ಪ್ರತಿಕೃತಿ. ಆದರೆ ಪಕ್ಕದ ಬ್ಯಾರಿಂಗ್ಟನ್ ತೋಟದಲ್ಲಿ ಆ ಕಾಲದ ಉಡುಗೆ ತೊಟ್ಟವರು ಎತ್ತು ಹೂಡುವುದು, ಹತ್ತಿ ಬೆಳೆಯುವುದನ್ನು ತೋರಿಸುತ್ತಾರೆ. ಆರೇಳು ವರ್ಷದ ಮಕ್ಕಳಿದ್ದರೆ ನನ್ನ ಮಾತು ಬಿಟ್ಟು ಇಲ್ಲಿಗೇ ಹೋಗಿ. ಮಾರ್ಚ್ ಕೊನೆಗೆ ದಾರಿಯುದ್ದಕ್ಕೂ ಬ್ಲೂಬಾನೆಟ್ ಹೂವು.

ಸ್ಯಾನ್ ಜಸಿಂಟೊ

1836ರ ಏಪ್ರಿಲ್ 21, ಟೆಕ್ಸಸ್‌ಗೆ ಸ್ವಾತಂತ್ರ್ಯ ಗೆದ್ದುಕೊಟ್ಟ ಹದಿನೆಂಟು ನಿಮಿಷದ ಕದನ, ಸಾಂತಾ ಆನಾ ಮರುದಿನ ಸೆರೆ. ಟೆಕ್ಸಸ್ ಸೇನಾಪತಿ ಸ್ಯಾಮ್ ಹ್ಯೂಸ್ಟನ್‌ನ ಕಡೆ ಒಂಬತ್ತು ಸಾವು, ಮೆಕ್ಸಿಕೋ ಕಡೆ 600ಕ್ಕೂ ಹೆಚ್ಚು. ಶರಣಾಗಲು ಬಂದವರನ್ನೂ ಕೊಂದರು. 567 ಅಡಿ ಎತ್ತರದ ಸ್ಮಾರಕ ಕಂಬದ ಮೇಲೇರಿದರೆ ಕಾಣುವುದು ರಣಭೂಮಿಗಿಂತ ಹೆಚ್ಚಾಗಿ ತೈಲ ಶುದ್ಧೀಕರಣ ಘಟಕಗಳು. ಹ್ಯೂಸ್ಟನ್‌ನವರು ಒಂದು ಸಂಜೆ ಹೋಗಿ ಬರಬಹುದು, ಬೇರೆ ಊರಿನವರು ಇದಕ್ಕೆಂದೇ ಬರಬೇಕಿಲ್ಲ. ಒಂದು ಹೆಸರನ್ನು ಮಾತ್ರ ಹುಡುಕಿ: ಹುವಾನ್ ಸೆಗೀನ್. ಮೆಕ್ಸಿಕನ್ ಮೂಲದ ಟೆಕ್ಸಸ್‌ನವರ ತುಕಡಿಯನ್ನು ಇಲ್ಲಿ ನಡೆಸಿದ, ಅಲಮೊದಲ್ಲಿ ಸತ್ತವರ ಬೂದಿಗೆ ಅಂತ್ಯಕ್ರಿಯೆ ಮಾಡಿಸಿದ, ಸ್ಯಾನ್ ಆಂಟೋನಿಯೋದ ಮೇಯರ್ ಆದ ಈತ 1842ರಲ್ಲಿ ಹೊಸಬರ ಬೆದರಿಕೆಗೆ ಮೆಕ್ಸಿಕೋಗೆ ಓಡಬೇಕಾಯಿತು.

ಹಾಗಾದರೆ

ಎರಡು ದಿನ, ಒಂದು ಕಾರು, ಜೊತೆಗೆ ಹಿರಿಯರಿದ್ದರೆ ಮೊದಲ ದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಎಸ್ಪಾಡಾದ ಮೇಲ್ಗಾಲುವೆ, ಆಮೇಲೆ ಸ್ಯಾನ್ ಹೋಸೆ, ದಾರಿಯಲ್ಲಿ ಕನ್ಸೆಪ್ಸಿಯೋನ್, ಮಧ್ಯಾಹ್ನ ತಂಪು ಬೇಕಾದಾಗ ಅಲಮೊದ ಸಂಗ್ರಹಾಲಯ. ನದಿಗೆ ಎದುರಾಗಿ, ದಕ್ಷಿಣದಿಂದ ಉತ್ತರಕ್ಕೆ ಬನ್ನಿ. ಅಲಮೊ ಮೊದಲು ನೋಡಿದರೆ ಉಳಿದವುಗಳಿಗೆ ಹೊತ್ತು ಸಿಗುವುದಿಲ್ಲ. ಎರಡನೇ ದಿನ ಗೋಲಿಯಾಡ್, ಅಲ್ಲಿಂದ ನೇರ ಮನೆಗೆ. ಹ್ಯೂಸ್ಟನ್‌ನವರಿಗೆ ಇದು ಹೆಚ್ಚು ಸುತ್ತಲ್ಲ, ಡಲ್ಲಾಸ್‌ನವರಿಗೆ ಮಾತ್ರ ತ್ರಾಸ. ಅವರು ಗೋಲಿಯಾಡ್ ಬಿಟ್ಟು ಎರಡೂ ದಿನ ನದಿಯ ದಂಡೆಯಲ್ಲೇ ಕಳೆಯಲಿ.

ಒಂದೇ ದಿನವಿದ್ದು, ಜೊತೆಗಿರುವವರು ಇತಿಹಾಸವನ್ನು ಓದಿಕೊಂಡವರಾದರೆ ಸ್ಯಾನ್ ಆಂಟೋನಿಯೋ ಪೂರ್ತಿ ಬಿಟ್ಟು ಗೋಲಿಯಾಡ್‌ಗೆ ಹೋಗಿ. ಕೋಟೆಯೊಳಗಿನ ಹಳೆಯ ವಸತಿಯೊಂದನ್ನು ರಾತ್ರಿ ತಂಗಲು ಬಾಡಿಗೆಗೆ ಕೊಡುತ್ತಾರೆ. ಬೇಗ ಭರ್ತಿಯಾಗುವುದರಿಂದ ಮುಂಚೆಯೇ ಕಾದಿರಿಸಬೇಕು. ಮಾರ್ಚ್ ಕೊನೆಯ ವಾರಾಂತ್ಯದಲ್ಲಿ ಹಳೆಯ ಸಮವಸ್ತ್ರ ತೊಟ್ಟವರು 1836ರ ಘಟನೆಗಳನ್ನು ಅಭಿನಯಿಸಿ ತೋರಿಸುವಾಗ ಊರು ತುಂಬಿರುತ್ತದೆ. ಗದ್ದಲ ಬೇಡದವರಿಗೆ ನವೆಂಬರ್ ಒಳ್ಳೆಯದು. ಕೋಟೆಗೂ ರಾಜ್ಯ ಉದ್ಯಾನಕ್ಕೂ ಬೇರೆ ಬೇರೆ ಶುಲ್ಕವಿದೆ, ಸ್ಯಾನ್ ಫೆಲಿಪೆಯಂಥ ರಾಜ್ಯದ ತಾಣಗಳಿಗೆ ವಾರದ ರಜೆಯೂ ಇರುವುದುಂಟು. ಹೊರಡುವ ಹಿಂದಿನ ದಿನ ಒಮ್ಮೆ ಫೋನ್ ಮಾಡಿ.